ಪಡುಬಿದ್ರಿ, ಉಡುಪಿ, ಕಾರ್ಕಳ: ಕಾಂಪ್ಲೆಕ್ಸ್ ನೆಟ್‌ವರ್ಕ್ ಮತ್ತು ನಾನ್‌ಈಕ್ವಿಲಿಬ್ರಿಯಮ್ ಥರ್ಮೋಡೈನಮಿಕ್ಸ್ ಕಲಿಯಲು ಒಂದು ತ್ರಿಕೋನ ಸಾಕು

ಯಾರೋ ಥಿಯರಿ ಫಿಸಿಸಿಸ್ಟ್ ಒಬ್ಬರ ಪರಿಚಯ ಓದುತ್ತೀರಿ. ಸಂಶೋಧನೆಯ ವಿಷಯ ಕಾಂಪ್ಲೆಕ್ಸ್ ನೆಟ್‌ವರ್ಕ್ ಮತ್ತು ನಾನ್‌ಈಕ್ವಿಲಿಬ್ರಿಯಮ್ ಥರ್ಮೋಡೈನಮಿಕ್ಸ್ ಅಂತ ಇರುತ್ತದೆ. ಓದಿದರೆ ಆಸೆಯಾಗುತ್ತದೆ. ಅವರ ಪೇಪರ್ ಒಂದನ್ನು ಡೌನ್‌ಲೋಡ್ ಮಾಡಿ ಕೂತರೆ ಎರಡನೇ ಪುಟದಲ್ಲೇ ದಾರಿ ತಪ್ಪುತ್ತದೆ. ಕೊಣಾಜೆ, ಸುರತ್ಕಲ್, ಮಣಿಪಾಲ ಕಡೆ ಎಂಎಸ್ಸಿ ಮಾಡುತ್ತಿರುವವರು, ಬಿಎಸ್ಸಿ ಕೊನೆಯ ವರ್ಷದಲ್ಲಿರುವವರು, ಇಂಜಿನಿಯರಿಂಗ್ ಸೇರಿದ್ದರೂ ಮನಸ್ಸು ಫಿಸಿಕ್ಸ್ ಕಡೆಯೇ ಇರುವವರು, ನಿಮಗೆಲ್ಲ ಇದನ್ನು ಬರೆಯುತ್ತಿದ್ದೇನೆ. ಕೇಳಲು ಇವು ಎರಡು ದೊಡ್ಡ ವಿಷಯಗಳು: ಒಂದು, ಯಾವುದು ಯಾವುದಕ್ಕೆ ಸೇರಿಕೊಂಡಿದೆ ಅನ್ನುವ ಜಾಲಗಳ ಅಧ್ಯಯನ, ಇನ್ನೊಂದು, ಸಮತೋಲನದಲ್ಲಿಲ್ಲದ ವ್ಯವಸ್ಥೆಗಳ ಶಾಖ ಮತ್ತು ಶಕ್ತಿಯ ಲೆಕ್ಕ. ಆದರೆ ಇವೆರಡೂ ಸೇರುವ ಜಾಗ ಒಂದಿದೆ, ಅದು ಸುತ್ತು. ಹೊರಟ ಜಾಗಕ್ಕೇ ಬಂದು ಸೇರುವ ದಾರಿ. ಅದನ್ನು ಕೈಯಲ್ಲಿ ಲೆಕ್ಕ ಮಾಡಿ ಹಿಡಿದುಕೊಂಡರೆ ಪೇಪರುಗಳು ತಾವಾಗಿ ತೆರೆದುಕೊಳ್ಳುತ್ತವೆ.

ಮೊದಲು ಒಂದು ಹಾಳೆ, ಪೆನ್ನು ತಗೊಳ್ಳಿ. ಕಂಪ್ಯೂಟರ್ ಆಮೇಲೆ.

ನಕ್ಷೆ ಬರೆಯಿರಿ

ಐದು ಚುಕ್ಕಿ ಹಾಕಿ: ಮಂಗಳೂರು, ಪಡುಬಿದ್ರಿ, ಉಡುಪಿ, ಕಾರ್ಕಳ, ಮೂಡುಬಿದಿರೆ. ಈಗ ರಸ್ತೆ ಎಳೆಯಿರಿ. ಮಂಗಳೂರಿನಿಂದ ಪಡುಬಿದ್ರಿ, ಅಲ್ಲಿಂದ ಉಡುಪಿ, ಇದು ಹೈವೇ 66. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ ಮೇಲೆ ಕಾರ್ಕಳ. ಕಾರ್ಕಳದಿಂದ ಮೂಡುಬಿದಿರೆ, ಅಲ್ಲಿಂದ ವಾಪಸ್ ಮಂಗಳೂರು. ಕೊನೆಗೆ ಪಡುಬಿದ್ರಿಯಿಂದ ಬೆಳ್ಮಣ್ ಮೇಲೆ ಕಾರ್ಕಳ. ಚುಕ್ಕಿ 5, ಗೆರೆ 6. ಚುಕ್ಕಿಗೆ ನೋಡ್ ಅನ್ನುತ್ತಾರೆ, ಗೆರೆಗೆ ಲಿಂಕ್. ಒಂದು ನೋಡಿಗೆ ಎಷ್ಟು ಲಿಂಕ್ ಇದೆಯೋ ಅದು ಅದರ ಡಿಗ್ರಿ. ಪಡುಬಿದ್ರಿಗೆ 3, ಕಾರ್ಕಳಕ್ಕೆ 3, ಉಳಿದ ಮೂರಕ್ಕೆ ತಲಾ 2.

ಇಲ್ಲಿ ಎಷ್ಟು ಸುತ್ತು ಇದೆ? ಲಿಂಕ್‌ಗಳ ಸಂಖ್ಯೆಯಿಂದ ನೋಡ್‌ಗಳ ಸಂಖ್ಯೆ ಕಳೆದು ಒಂದು ಕೂಡಿಸಿ. 6 ಕಳೆ 5, ಕೂಡು 1, ಅಂದರೆ 2. ಪಡುಬಿದ್ರಿ, ಉಡುಪಿ, ಕಾರ್ಕಳ ಒಂದು ಸುತ್ತು. ಮಂಗಳೂರು, ಪಡುಬಿದ್ರಿ, ಕಾರ್ಕಳ, ಮೂಡುಬಿದಿರೆ ಇನ್ನೊಂದು. ಹೊರಗಿನ ದೊಡ್ಡ ಸುತ್ತು ಇವೆರಡನ್ನೂ ಕೂಡಿಸಿದರೆ ಸಿಗುತ್ತದೆ, ಹಾಗಾಗಿ ಅದನ್ನು ಬೇರೆಯಾಗಿ ಎಣಿಸುವುದಿಲ್ಲ. ಮೂಲ್ಕಿಗೊಂದು ಚುಕ್ಕಿ ಹಾಕಿ, ಕಿನ್ನಿಗೋಳಿ ಮೇಲೆ ಮೂಡುಬಿದಿರೆಗೆ ಹೋಗುವ ರಸ್ತೆಯನ್ನೂ ಸೇರಿಸಿದರೆ ಸುತ್ತು 3 ಆಗುತ್ತದೆ. ನೀವೇ ಎಣಿಸಿ ನೋಡಿ. ಈ ಸಣ್ಣ ಲೆಕ್ಕ ಕೊನೆಯವರೆಗೂ ಬೇಕಾಗುತ್ತದೆ.

ಗೆರೆ ಎಳೆಯುವುದರಲ್ಲೇ ಒಂದು ತೀರ್ಮಾನ ಅಡಗಿದೆ, ತುಂಬ ಜನ ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಮಂಗಳೂರಿನಿಂದ ಉಡುಪಿಗೆ ಹೋಗುವ ಒಂದು ಬಸ್ಸು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿಯಲ್ಲಿ ನಿಲ್ಲುತ್ತದೆ ಅಂದುಕೊಳ್ಳಿ. ಹೊರಡುವ, ಮುಟ್ಟುವ ಜಾಗ ಸೇರಿ ಒಟ್ಟು 7 ಸ್ಟಾಪ್. ಪಕ್ಕಪಕ್ಕದ ಸ್ಟಾಪ್‌ಗಳ ನಡುವೆ ಮಾತ್ರ ಗೆರೆ ಎಳೆದರೆ 6 ಲಿಂಕ್. ಬಸ್ಸು ಬದಲಾಯಿಸದೆ ಹೋಗಬಹುದಾದ ಯಾವ ಎರಡು ಸ್ಟಾಪ್‌ಗೂ ಗೆರೆ ಎಳೆದರೆ 21 ಲಿಂಕ್. ಅದೇ ಬಸ್ಸು, ಅದೇ ರಸ್ತೆ, ನೆಟ್‌ವರ್ಕ್ ಮಾತ್ರ ಪೂರ್ತಿ ಬೇರೆ. 2003ರಲ್ಲಿ ಕೋಲ್ಕತ್ತಾದ ಪಾರೊಂಗಮಾ ಸೇನ್ ಮತ್ತು ಜೊತೆಗಾರರು ಭಾರತೀಯ ರೈಲ್ವೆ ಜಾಲ ಒಂದು ಸ್ಮಾಲ್ ವರ್ಲ್ಡ್, ಅಂದರೆ ಯಾವ ಎರಡು ನೋಡ್ ನಡುವೆಯೂ ಕೆಲವೇ ಹೆಜ್ಜೆ ಇರುವ ಜಾಲ ಎಂದು ತೋರಿಸಿದಾಗ ಎರಡನೇ ರೀತಿಯಲ್ಲೇ ಗೆರೆ ಎಳೆದಿದ್ದರು. ಒಂದೇ ರೈಲು ಎರಡು ಸ್ಟೇಷನ್‌ಗಳಲ್ಲೂ ನಿಂತರೆ ಅವುಗಳ ನಡುವೆ ಲಿಂಕ್. ಪ್ರಯಾಣಿಕರಿಗೆ ಮುಖ್ಯವಾದದ್ದು ಎಷ್ಟು ಸಲ ಗಾಡಿ ಬದಲಾಯಿಸಬೇಕು ಅನ್ನುವುದು, ಅದಕ್ಕೆ ಈ ರೀತಿ ಸರಿ. ಹಳಿ ಕೆಟ್ಟರೆ ಏನಾಗುತ್ತದೆ ಅಂತ ಕೇಳುವುದಾದರೆ ಮೊದಲನೆಯದೇ ಸರಿ. ಯಾವ ಪೇಪರ್ ಓದಿದರೂ ಮೊದಲು ಹುಡುಕಬೇಕಾದದ್ದು ಇದನ್ನೇ: ಇವರು ಯಾವುದನ್ನು ನೋಡ್ ಅಂದರು, ಯಾವುದನ್ನು ಲಿಂಕ್ ಅಂದರು?

ಕಾಂಪ್ಲೆಕ್ಸ್ ನೆಟ್‌ವರ್ಕ್‌ನ ಚರಿತ್ರೆ ಬೇಕಿದ್ದರೆ ನಾಲ್ಕು ಜೋಡಿ ಹೆಸರು ಸದ್ಯಕ್ಕೆ ಸಾಕು. 1959ರಲ್ಲಿ ಎರ್ಡಿಶ್ ಮತ್ತು ರೇನಿ, ಸುಮ್ನೆ ಯಾದೃಚ್ಛಿಕವಾಗಿ ಗೆರೆ ಎಳೆದರೆ ಏನಾಗುತ್ತದೆ ಅಂತ ಕೇಳಿದವರು. ಸರಾಸರಿ ಡಿಗ್ರಿ 1 ದಾಟಿದ ಕೂಡಲೇ ಒಂದಕ್ಕೊಂದು ಸೇರಿಕೊಂಡ ನೋಡುಗಳ ಒಂದು ದೈತ್ಯ ತುಂಡು ಹುಟ್ಟಿಕೊಳ್ಳುತ್ತದೆ, ನೀರು ಮಂಜುಗಡ್ಡೆ ಆಗುವ ಹಾಗೆ ಇದೂ ಒಂದು ಫೇಸ್ ಬದಲಾವಣೆ. 1998ರಲ್ಲಿ ವಾಟ್ಸ್ ಮತ್ತು ಸ್ಟ್ರೊಗಾಟ್ಸ್ ಸ್ಮಾಲ್ ವರ್ಲ್ಡ್ ಮಾಡೆಲ್ ಕೊಟ್ಟರು. 1999ರಲ್ಲಿ ಬರಬಾಶಿ ಮತ್ತು ಆಲ್ಬರ್ಟ್, ಲಿಂಕ್ ಜಾಸ್ತಿ ಇರುವ ನೋಡಿಗೇ ಇನ್ನಷ್ಟು ಲಿಂಕ್ ಬಂದು ಸೇರುವ ಮಾಡೆಲ್ ಮುಂದಿಟ್ಟರು. 2001ರಲ್ಲಿ ಪಾಸ್ಟರ್ ಸಟೊರ್ರಾಸ್ ಮತ್ತು ವೆಸ್ಪಿನ್ಯಾನಿ, ಅಂಥ ಜಾಲ ಬೆಳೆಯುತ್ತಾ ಹೋದ ಹಾಗೆ ಸೋಂಕು ಹರಡಲು ಬೇಕಾದ ಕನಿಷ್ಠ ಮಿತಿಯೇ ಮಾಯವಾಗುತ್ತಾ ಹೋಗುತ್ತದೆ ಅಂತ ತೋರಿಸಿದರು.

ಒಂದು ಎಚ್ಚರಿಕೆ. ಡಿಗ್ರಿಗಳ ಗ್ರಾಫ್ ಹಾಕಿ ಲಾಗ್ ಲಾಗ್ ಹಾಳೆಯಲ್ಲಿ ನೇರ ಗೆರೆ ಥರ ಕಂಡ ಕೂಡಲೇ ಪವರ್ ಲಾ (ನೋಡುಗಳ ಸಂಖ್ಯೆ ಡಿಗ್ರಿಯ ಒಂದು ಘಾತದ ಪ್ರಕಾರ ಇಳಿಯುವುದು) ಸಿಕ್ಕಿತು ಅನ್ನಬೇಡಿ. ಕಣ್ಣಿಗೆ ಹಾಗೆ ಕಾಣುವ ಬೇರೆ ಎಷ್ಟೋ ಡಿಸ್ಟ್ರಿಬ್ಯೂಷನ್‌ಗಳಿವೆ. 2009ರಲ್ಲಿ ಕ್ಲಾಸೆಟ್, ಶಲಿಜಿ, ನ್ಯೂಮನ್ ಇದನ್ನು ಪರೀಕ್ಷಿಸುವ ಸರಿಯಾದ ವಿಧಾನ ಬರೆದಿಟ್ಟಿದ್ದಾರೆ. ಪ್ರಾಜೆಕ್ಟ್ ರಿಪೋರ್ಟ್‌ಗೆ ಮುಂಚೆ ಅದನ್ನು ಓದಿ.

ನಕ್ಷೆಯ ಮೇಲೆ ಒಬ್ಬರನ್ನು ಓಡಾಡಿಸಿ

ಈಗ ಫಿಸಿಕ್ಸ್. ಒಬ್ಬ ಪ್ರಯಾಣಿಕ ಇದ್ದಾನೆ. ಯಾವ ಊರಿನಲ್ಲಿದ್ದರೂ ಅಲ್ಲಿಂದ ಹೊರಡುವ ರಸ್ತೆಗಳಲ್ಲಿ ಯಾವುದಾದರೂ ಒಂದನ್ನು ಸಮಾನ ಸಂಭವದಿಂದ ಆರಿಸಿ ಹೋಗುತ್ತಾನೆ. ತುಂಬ ಕಾಲ ಬಿಟ್ಟು ನೋಡಿದರೆ ಅವನು ಎಲ್ಲಿ ಸಿಗಬಹುದು? ಡಿಗ್ರಿಗೆ ತಕ್ಕಂತೆ. ಡಿಗ್ರಿಗಳ ಮೊತ್ತ 12. ಪಡುಬಿದ್ರಿಯಲ್ಲಿ ಸಿಗುವ ಸಂಭವ 3/12, ಕಾರ್ಕಳದಲ್ಲೂ ಅಷ್ಟೇ, ಉಳಿದ ಮೂರು ಕಡೆ 2/12. ಪ್ರತಿ ಲಿಂಕ್‌ನಲ್ಲೂ ಆಚೆ ಹೋಗುವ ಹರಿವು 1/12, ಈಚೆ ಬರುವ ಹರಿವೂ 1/12. ಎರಡೂ ಪೂರ್ತಿ ಸಮ. ಇದಕ್ಕೆ ಡಿಟೇಲ್ಡ್ ಬ್ಯಾಲೆನ್ಸ್ ಅನ್ನುತ್ತಾರೆ, ಇದೇ ಸಮತೋಲನದ ಗುರುತು. ಇವನ ಓಡಾಟದ ವಿಡಿಯೋ ತೆಗೆದು ಹಿಂದೆಮುಂದೆ ಓಡಿಸಿದರೂ ಯಾವುದು ಸರಿಯಾದ ವಿಡಿಯೋ ಅಂತ ಯಾರಿಗೂ ಹೇಳಲಾಗುವುದಿಲ್ಲ.

ಈಗ ಅದನ್ನು ಕೆಡಿಸೋಣ. ಪಡುಬಿದ್ರಿ, ಉಡುಪಿ, ಕಾರ್ಕಳ ತ್ರಿಕೋನವನ್ನು ಮಾತ್ರ ಇಟ್ಟುಕೊಳ್ಳಿ. ಪಡುಬಿದ್ರಿಯಿಂದ ಉಡುಪಿ, ಉಡುಪಿಯಿಂದ ಕಾರ್ಕಳ, ಕಾರ್ಕಳದಿಂದ ಪಡುಬಿದ್ರಿ, ಈ ದಿಕ್ಕಿನಲ್ಲಿ ಜಿಗಿತದ ದರ ಸೆಕೆಂಡಿಗೆ 2. ಉಲ್ಟಾ ದಿಕ್ಕಿನಲ್ಲಿ ಸೆಕೆಂಡಿಗೆ 1. ಬಸ್ಸಿಗೆ ಸೆಕೆಂಡಿನ ಲೆಕ್ಕ ಯಾಕೆ ಅನ್ನಬೇಡಿ, ಇನ್ನು ಸ್ವಲ್ಪ ಹೊತ್ತಿಗೆ ಊರಿನ ಜಾಗದಲ್ಲಿ ಅಣು ಬಂದು ಕೂರುತ್ತದೆ. ಮೂರೂ ನೋಡ್ ಒಂದೇ ಥರ ಇರುವುದರಿಂದ ಪ್ರತಿಯೊಂದರಲ್ಲೂ ಇರುವ ಸಂಭವ 1/3, ಅದು ಕಾಲದ ಜೊತೆ ಬದಲಾಗುವುದಿಲ್ಲ. ಆದರೆ ಪ್ರತಿ ಲಿಂಕ್‌ನಲ್ಲಿ ಮುಂದಕ್ಕೆ 2/3, ಹಿಂದಕ್ಕೆ 1/3, ಉಳಿದದ್ದು 1/3. ಅಂದರೆ ಸುತ್ತಿನಲ್ಲಿ ನಿಲ್ಲದ ಹರಿವು ಇದೆ. ಏನೂ ಬದಲಾಗುತ್ತಿಲ್ಲ, ಆದರೂ ಸಮತೋಲನ ಇಲ್ಲ.

ಸ್ಥಿರವಾಗಿರುವುದು ಬೇರೆ, ಸಮತೋಲನದಲ್ಲಿರುವುದು ಬೇರೆ. ಮಲ್ಪೆ ಬಂದರಿನಲ್ಲಿ ಮೀನಿಡುವ ಕೋಲ್ಡ್ ಸ್ಟೋರೇಜ್ ಒಳಗೆ ಉಷ್ಣತೆ ದಿನವಿಡೀ ಅಷ್ಟೇ ಇರುತ್ತದೆ, ಆದರೆ ಕಂಪ್ರೆಸರ್ ನಿಂತರೆ ಗೊತ್ತಾಗುತ್ತದೆ ಮಾರ್ರೆ ಅದನ್ನು ಹಾಗೆ ಇಡಲು ಎಷ್ಟು ಕರೆಂಟ್ ಹೋಗುತ್ತಿತ್ತು ಅಂತ. ನಮ್ಮ ತ್ರಿಕೋನವೂ ಹಾಗೇ. ಆ ಹರಿವನ್ನು ಓಡಿಸಲು ಎಲ್ಲೋ ಖರ್ಚು ಆಗುತ್ತಲೇ ಇರುತ್ತದೆ.

ಈಗ ಕಾರ್ಕಳ ಪಡುಬಿದ್ರಿ ರಸ್ತೆಯನ್ನು ಅಳಿಸಿ. ಉಳಿದ ಎರಡು ಲಿಂಕ್‌ಗಳಲ್ಲಿ ಅದೇ 2 ಮತ್ತು 1 ಇರಲಿ. ಲೆಕ್ಕ ಮಾಡಿದರೆ ಸಂಭವಗಳು 1/7, 2/7, 4/7 ಆಗುತ್ತವೆ. ಪಡುಬಿದ್ರಿಯಿಂದ ಉಡುಪಿಗೆ 1/7 ಗುಣಿಸು 2, ಉಡುಪಿಯಿಂದ ಪಡುಬಿದ್ರಿಗೆ 2/7 ಗುಣಿಸು 1. ಸಮ! ಹರಿವು ಸೊನ್ನೆ. ದರಗಳು ಎಷ್ಟೇ ಓರೆಯಾಗಿರಲಿ, ಸುತ್ತು ಇಲ್ಲದ ನೆಟ್‌ವರ್ಕ್ ಕೊನೆಗೆ ಸಮತೋಲನಕ್ಕೇ ಬಂದು ನಿಲ್ಲುತ್ತದೆ. ಇದು ಈ ಇಡೀ ಕ್ಷೇತ್ರದ ಹೊಸ್ತಿಲು. ಒಂದು ರಸ್ತೆ ಇದೆಯೋ ಇಲ್ಲವೋ ಅನ್ನುವುದು ಥರ್ಮೋಡೈನಮಿಕ್ಸ್ ಅನ್ನೇ ನಿರ್ಧರಿಸುತ್ತದೆ. ಇದನ್ನು ಕೈಯಲ್ಲೇ ಮಾಡಿ, ಓದಿ ಬಿಡಬೇಡಿ.

ನೋಡ್‌ಗಳು ಜಾಸ್ತಿ ಆದಾಗ ಸಂಭವ ಹುಡುಕುವುದು ಹೇಗೆ? ಎಲ್ಲ ಊರನ್ನೂ ಸೇರಿಸುವ, ಆದರೆ ಸುತ್ತು ಇಲ್ಲದ ಎಲ್ಲ ಮರಗಳನ್ನು ಬರೆದು, ಪ್ರತಿ ಮರದಲ್ಲೂ ಬೇಕಾದ ಊರಿನ ಕಡೆಗೆ ಹೋಗುವ ದರಗಳನ್ನು ಗುಣಿಸಿ ಕೂಡಿಸಬೇಕು; ಆ ಮೊತ್ತಕ್ಕೆ ತಕ್ಕಂತೆ ಆ ಊರಿನ ಸಂಭವ. 1847ರಲ್ಲಿ ಕಿರ್ಕಾಫ್ ವಿದ್ಯುತ್ ಸರ್ಕ್ಯೂಟ್‌ಗಾಗಿ ಕಂಡುಕೊಂಡ ಉಪಾಯ. ಇದನ್ನೇ 1976ರಲ್ಲಿ ಶ್ನಾಕೆನ್‌ಬರ್ಗ್ ಸಂಭವಗಳು ಕಾಲದ ಜೊತೆ ಹೇಗೆ ಬದಲಾಗುತ್ತವೆ ಅಂತ ಹೇಳುವ ಮಾಸ್ಟರ್ ಈಕ್ವೇಷನ್‌ಗಳ ಥರ್ಮೋಡೈನಮಿಕ್ಸ್ ಬರೆಯಲು ಬಳಸಿದರು, ಇವತ್ತಿನ ಪೇಪರುಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುವುದು ಅದಕ್ಕೇ. ನಮ್ಮ ಐದು ಊರಿನ ನಕ್ಷೆಯಲ್ಲಿ ಅಂಥ ಮರಗಳು 11. ಒಂದು ಸಂಜೆ ಕೂತು ಹನ್ನೊಂದನ್ನೂ ಬರೆಯಿರಿ. ಆಮೇಲೆ ಕರ್ಣದಲ್ಲಿ ಡಿಗ್ರಿ, ಲಿಂಕ್ ಇದ್ದಲ್ಲಿ −1 ಇರುವ ಮ್ಯಾಟ್ರಿಕ್ಸ್ ಬರೆದು, ಒಂದು ಊರಿನ ಸಾಲು ಮತ್ತು ಕಂಬ ತೆಗೆದು, ಅದರ ಡಿಟರ್ಮಿನಂಟ್‌ನಿಂದ ಅದೇ 11 ಬರುತ್ತದಾ ನೋಡಿ.

ಖರ್ಚಿನ ಲೆಕ್ಕ

ಆ ಖರ್ಚಿನ ಅಳತೆಯೇ ಎಂಟ್ರೊಪಿ ಹುಟ್ಟುವ ದರ. ಅದಕ್ಕೆ ಸೂತ್ರ ಸರಳ. ಪ್ರತಿ ಲಿಂಕ್‌ಗೆ ಉಳಿಕೆ ಹರಿವನ್ನು, ಮುಂದಿನ ಹರಿವು ಭಾಗಿಸು ಹಿಂದಿನ ಹರಿವು ಇದರ ನ್ಯಾಚುರಲ್ ಲಾಗ್‌ನಿಂದ ಗುಣಿಸಿ. ಎಲ್ಲ ಲಿಂಕ್‌ಗಳಿಗೂ ಮಾಡಿ ಕೂಡಿಸಿ. ತ್ರಿಕೋನದಲ್ಲಿ 1/3 ಗುಣಿಸು ಲಾಗ್ 2, ಇಂಥವು ಮೂರು. ಒಟ್ಟು ಲಾಗ್ 2, ಅಂದರೆ ಸೆಕೆಂಡಿಗೆ ಸುಮಾರು 0.693, ಬೋಲ್ಟ್ಸ್‌ಮನ್ ಸ್ಥಿರಾಂಕದ ಲೆಕ್ಕದಲ್ಲಿ. ಆ ಸ್ಥಿರಾಂಕ 1.380649×10⁻²³ ಜೂಲ್ ಪ್ರತಿ ಕೆಲ್ವಿನ್. 300 ಕೆಲ್ವಿನ್, ಅಂದರೆ ನಮ್ಮೂರಿನ ಮಾಮೂಲಿ 27 ಡಿಗ್ರಿ ಹವೆಯಲ್ಲಿ, ಸೆಕೆಂಡಿಗೆ ಸುಮಾರು 2.87×10⁻²¹ ಜೂಲ್ ಶಾಖ. ಒಂದು ಬಿಟ್ ಮಾಹಿತಿ ಅಳಿಸಲು ಕನಿಷ್ಠ ಇಷ್ಟು ಶಾಖ ಹೊರಹೋಗಲೇಬೇಕು ಅಂತ 1961ರಲ್ಲಿ ಲ್ಯಾಂಡಾವರ್ ಹೇಳಿದ್ದೂ ಇದೇ ಸಂಖ್ಯೆ. 2012ರಲ್ಲಿ ಅದನ್ನು ಲ್ಯಾಬಿನಲ್ಲಿ ಅಳೆದೂ ತೋರಿಸಿದರು.

ಆದರೆ ಇಲ್ಲಿ ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಪ್ರಯಾಣಿಕರ ಓಡಾಟಕ್ಕೆ ಈ ಲೆಕ್ಕ ಹಾಕಿ ಇಷ್ಟು ಜೂಲ್ ಶಾಖ ಬಂತು ಅಂದರೆ ಅದು ತಪ್ಪು. ಜಿಗಿತದ ದರಗಳು ಒಂದು ನಿರ್ದಿಷ್ಟ ಉಷ್ಣತೆಯ ಸುತ್ತಲಿನ ಪರಿಸರದಿಂದ ಬಂದಿದ್ದರೆ ಮಾತ್ರ ಆ ಸಂಖ್ಯೆಗೆ ಶಾಖ ಅನ್ನುವ ಅರ್ಥ ಇದೆ. ಬಸ್ಸಿನ ವಿಷಯದಲ್ಲಿ ಅದು ಓಡಾಟ ಎಷ್ಟು ಏಕಮುಖ ಅನ್ನುವುದರ ಅಳತೆ, ಅಷ್ಟೇ. ಅದೂ ಬೆಲೆಯುಳ್ಳದ್ದೇ, ಆದರೆ ಎರಡನ್ನೂ ಬೆರೆಸಬಾರದು. ಪೇಪರ್ ಓದುವಾಗಲೂ ಇದನ್ನು ಕೇಳಿ: ಇವರ ಎಂಟ್ರೊಪಿಗೆ ಹಿಂದೆ ನಿಜವಾದ ಶಾಖ ಇದೆಯಾ?

ಶಾಖ ನಿಜವಾಗಿ ಇರುವ ತ್ರಿಕೋನ ನಿಮ್ಮ ಮೈಯಲ್ಲೇ ಇದೆ. ಜೀವಕೋಶದಲ್ಲಿ ಎಟಿಪಿ ಸಿಂಥೇಸ್ ಅನ್ನುವ ಕಿಣ್ವದ ಒಂದು ಭಾಗ ಎಫ್‌1. ಬಿಡಿಯಾಗಿ ತೆಗೆದು ಎಟಿಪಿ, ಅಂದರೆ ಜೀವಕೋಶದ ಇಂಧನದ ಅಣು, ಕೊಟ್ಟರೆ ಅದು ತಿರುಗುತ್ತದೆ. ಒಂದು ಎಟಿಪಿಗೆ 120 ಡಿಗ್ರಿ, ಮೂರು ಹೆಜ್ಜೆಗೆ ಒಂದು ಸುತ್ತು. 1997ರಲ್ಲಿ ಜಪಾನಿನ ನೊಜಿ ಮತ್ತು ಸಂಗಡಿಗರು ಅದಕ್ಕೊಂದು ಹೊಳೆಯುವ ಎಳೆ ಅಂಟಿಸಿ, ಸುತ್ತುವುದನ್ನು ಮೈಕ್ರೊಸ್ಕೋಪಿನಲ್ಲಿ ನೇರವಾಗಿ ತೋರಿಸಿದರು. ಪಡುಬಿದ್ರಿ, ಉಡುಪಿ, ಕಾರ್ಕಳ ಹೆಸರು ಅಳಿಸಿ ಮೂರು ಕೋನ ಬರೆಯಿರಿ, ಅದೇ ನಕ್ಷೆ. ಜೀವಕೋಶದಲ್ಲಿ ಒಂದು ಎಟಿಪಿ ಒಡೆದರೆ ಸಿಗುವ ಶಕ್ತಿ ಉಷ್ಣ ಶಕ್ತಿಯ ಏಕಮಾನದಲ್ಲಿ (ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಉಷ್ಣತೆ) ಸುಮಾರು 20. ಹೊರಗಿನ ಭಾರ ಇಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಹೆಜ್ಜೆಯ ಅನುಪಾತ ಇ ಘಾತ 20, ಅಂದರೆ ಸುಮಾರು 48 ಕೋಟಿ. ನಮ್ಮದು ಬರೀ 2. ಲೆಕ್ಕದ ರೀತಿ ಒಂದೇ.

ಈಗ ಕಂಪ್ಯೂಟರ್

ಪೈಥಾನ್ ಸಾಕು. ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಇರಲಿ, ದೊಡ್ಡ ಜಾಲಕ್ಕೆ ನೆಟ್‌ವರ್ಕ್‌ಎಕ್ಸ್. ಲ್ಯಾಪ್‌ಟಾಪ್ ಹಳೆಯದಾದರೆ ಗೂಗಲ್ ಕೊಲ್ಯಾಬ್‌ನಲ್ಲಿ ಮಾಡಿ, ಫೋನಿನಲ್ಲೂ ತೆರೆಯುತ್ತದೆ.

ತ್ರಿಕೋನವನ್ನು ಗಿಲೆಸ್ಪಿ ವಿಧಾನದಲ್ಲಿ ಓಡಿಸಿ, 1970ರ ದಶಕದ್ದು, ಈಗಲೂ ಎಲ್ಲರೂ ಬಳಸುವುದು ಇದನ್ನೇ. ಯಾವ ನೋಡ್‌ನಲ್ಲಿದ್ದರೂ ಹೊರಡುವ ಒಟ್ಟು ದರ 3. ಹಾಗಾಗಿ ಕಾಯುವ ಸಮಯವನ್ನು ಸರಾಸರಿ 1/3 ಸೆಕೆಂಡಿನ ಎಕ್ಸ್‌ಪೊನೆನ್ಷಿಯಲ್ ಡಿಸ್ಟ್ರಿಬ್ಯೂಷನ್‌ನಿಂದ ತೆಗೆಯಿರಿ. ಆಮೇಲೆ 2/3 ಸಂಭವದಿಂದ ಮುಂದೆ, 1/3 ಸಂಭವದಿಂದ ಹಿಂದೆ. ಸಮಯ ಮುಗಿಯುವವರೆಗೆ ಇದೇ. ಮುಂದಿನ ಜಿಗಿತಗಳಿಂದ ಹಿಂದಿನ ಜಿಗಿತಗಳನ್ನು ಕಳೆದು ಒಂದು ಸಂಖ್ಯೆ ಬರೆದಿಡಿ. ಇಂಥ ಓಟ ಒಂದು ಲಕ್ಷ ಮಾಡಿ ಹಿಸ್ಟೊಗ್ರಾಮ್ ಹಾಕಿ.

ಆ ಹಿಸ್ಟೊಗ್ರಾಮ್‌ನಲ್ಲಿ +1 ಬಂದ ಸಲ ಭಾಗಿಸು −1 ಬಂದ ಸಲ, ಸುಮಾರು 2 ಸಿಗಬೇಕು. +2 ಮತ್ತು −2ಕ್ಕೆ 4. +3 ಮತ್ತು −3ಕ್ಕೆ 8. ಇದೇ ಫ್ಲಕ್ಚುಯೇಷನ್ ಥಿಯರಂ. ಒಟ್ಟು ಎಂಟ್ರೊಪಿ ಕಡಿಮೆಯಾಗದು ಅನ್ನುವ ಥರ್ಮೋಡೈನಮಿಕ್ಸಿನ ಎರಡನೇ ನಿಯಮ ಸಣ್ಣ ವ್ಯವಸ್ಥೆಯಲ್ಲಿ ಆಗಾಗ ಉಲ್ಟಾ ಆದ ಹಾಗೆ ಕಾಣುತ್ತದೆ, ಆದರೆ ಎಷ್ಟು ಸಲ ಹಾಗೆ ಕಾಣಬಹುದು ಅನ್ನುವುದಕ್ಕೂ ಕರಾರುವಾಕ್ಕಾದ ಲೆಕ್ಕ ಇದೆ. 1993ರಲ್ಲಿ ಇವಾನ್ಸ್, ಕೋಹೆನ್, ಮೋರಿಸ್ ಇದರ ಮೊದಲ ರೂಪ ಕಂಡರು, 1997ರಲ್ಲಿ ಜಾರ್ಜಿನ್‌ಸ್ಕಿ ಸಮೀಕರಣ, 1999ರಲ್ಲಿ ಕ್ರೂಕ್ಸ್ ಥಿಯರಂ ಬಂತು. ಹತ್ತೊಂಬತ್ತನೇ ಶತಮಾನದ ಎರಡನೇ ನಿಯಮ ಬರೀ ಅಸಮಾನತೆ, ಅದರ ಒಳಗೆ ಇಷ್ಟು ನಿಖರವಾದ ಸಮಾನತೆ ಅಡಗಿತ್ತು ಅಂತ ಗೊತ್ತಾಗಿ ಇನ್ನೂ ಹೆಚ್ಚು ವರ್ಷ ಆಗಿಲ್ಲ. ನಿಮ್ಮದೇ ಸ್ಕ್ರೀನಿನಲ್ಲಿ 2, 4, 8 ಬಂದಾಗ ಆಗುವ ಖುಷಿಯನ್ನು ಯಾರೂ ತಪ್ಪಿಸಿಕೊಳ್ಳಬಾರದು.

ಇದು ಬರಬೇಕಾದರೆ ಓಟದ ಸಮಯ ಚಿಕ್ಕದಾಗಿರಲಿ, 2 ಸೆಕೆಂಡ್ ಸಾಕು. 100 ಸೆಕೆಂಡ್ ಇಟ್ಟರೆ ಸರಾಸರಿ 100ಕ್ಕೆ ಹೋಗುತ್ತದೆ, ಸೊನ್ನೆಗಿಂತ ಕೆಳಗೆ ಒಂದೂ ಸಿಗುವುದಿಲ್ಲ, ಭಾಗಿಸಲು ಏನೂ ಇರುವುದಿಲ್ಲ.

ಅದೇ ಡೇಟಾದಲ್ಲಿ ಇನ್ನೊಂದನ್ನು ನೋಡಿ. ಸರಾಸರಿ ಸೆಕೆಂಡಿಗೆ 1, ವೇರಿಯನ್ಸ್ ಸೆಕೆಂಡಿಗೆ 3. 2015ರಲ್ಲಿ ಬರಾಟೊ ಮತ್ತು ಸೈಫರ್ಟ್ ಮುಂದಿಟ್ಟ ಥರ್ಮೋಡೈನಮಿಕ್ ಅನ್‌ಸರ್ಟನ್ಟಿ ರಿಲೇಷನ್ ಪ್ರಕಾರ ವೇರಿಯನ್ಸನ್ನು ಸರಾಸರಿಯ ವರ್ಗದಿಂದ ಭಾಗಿಸಿದರೆ ಬರುವುದು, 2 ಭಾಗಿಸು ಎಂಟ್ರೊಪಿ ದರ, ಇದಕ್ಕಿಂತ ಕಡಿಮೆ ಆಗುವ ಹಾಗಿಲ್ಲ. 2 ಭಾಗಿಸು 0.693 ಅಂದರೆ 2.885. ನಮ್ಮದು 3. ಮಿತಿಗೆ ಎಷ್ಟು ಹತ್ತಿರ ನೋಡಿ! ಹರಿವು ಜಾಸ್ತಿ ನಿಖರವಾಗಿರಬೇಕು ಅಂದರೆ ಜಾಸ್ತಿ ಖರ್ಚು ಮಾಡಲೇಬೇಕು. ಮುಂದಿನ ದರವನ್ನು 2ರ ಬದಲು 10 ಮಾಡಿ ಎರಡೂ ಕಡೆ ಮತ್ತೆ ಲೆಕ್ಕ ಹಾಕಿ, ನಮ್ಮ ಸಂಖ್ಯೆ ಮಿತಿಯ ಎಷ್ಟು ಪಟ್ಟು ಅನ್ನುವುದು ಸುಮಾರು 1.04ರಿಂದ 1.41ಕ್ಕೆ ಏರುತ್ತದೆ.

ಹಿಂದಿನ ದರವನ್ನು ಸೊನ್ನೆ ಮಾಡಿದರೆ? ಹಂಪನಕಟ್ಟೆಯಲ್ಲಿ ಒನ್‌ವೇ ಹಾಕಿದ ಹಾಗೆ. ಲಾಗ್ ಒಳಗೆ ಸೊನ್ನೆಯಿಂದ ಭಾಗಿಸಿದಂತಾಗಿ ಎಂಟ್ರೊಪಿ ದರ ಅನಂತ ಆಗುತ್ತದೆ. ಪ್ರೋಗ್ರಾಂ ಕೆಟ್ಟಿತು ಅಂತ ಗಾಬರಿ ಬೇಡ. ಅಣುಗಳ ಲೋಕದಲ್ಲಿ ಪೂರ್ತಿ ಒನ್‌ವೇ ಅನ್ನುವುದೇ ಇಲ್ಲ, ಹಿಂದಿನ ಹೆಜ್ಜೆ ತೀರಾ ಅಪರೂಪ, ಅಷ್ಟೇ. ಪ್ರಯೋಗದ ಡೇಟಾದಲ್ಲಿ ಅದು ಒಂದು ಸಲವೂ ಕಾಣದೆ ಇರಬಹುದು. ಆಗ ನೇರ ಸೂತ್ರ ಕೈಕೊಡುತ್ತದೆ. ಮೇಲಿನ ಅಸಮಾನತೆಯನ್ನು ತಿರುಗಿಸಿ, ಹರಿವಿನ ಏರಿಳಿತದಿಂದಲೇ ಖರ್ಚು ಕನಿಷ್ಠ ಇಷ್ಟು ಅಂತ ಅಂದಾಜು ಮಾಡುತ್ತಾರೆ. ಇವತ್ತಿಗೂ ಜೋರಾಗಿ ಕೆಲಸ ನಡೆಯುತ್ತಿರುವ ಜಾಗ ಇದು. ಕೆಲವು ನೋಡ್‌ಗಳು ಮಾತ್ರ ಕಣ್ಣಿಗೆ ಕಾಣುತ್ತಿದ್ದರೆ, ಉಳಿದ ಸುತ್ತುಗಳು ಮರೆಯಲ್ಲಿದ್ದರೆ, ಖರ್ಚನ್ನು ಎಷ್ಟರ ಮಟ್ಟಿಗೆ ಹೇಳಬಹುದು? ಎಂಎಸ್ಸಿ ಪ್ರಾಜೆಕ್ಟ್‌ಗೆ ಒಳ್ಳೆಯ ಪ್ರಶ್ನೆ.

ಪೇಪರ್ ಮತ್ತು ಮನುಷ್ಯರು

ಇಷ್ಟು ಆದ ಮೇಲೆ ಆ ಪ್ರೊಫೆಸರರ ಪೇಪರ್ ತೆಗೆಯಿರಿ. ಆರ್ಕೈವ್ (arXiv) ಅನ್ನುವ ಪೇಪರುಗಳ ವೆಬ್‌ಸೈಟಿನಲ್ಲಿ ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ವಿಭಾಗದಲ್ಲಿ ಹೆಚ್ಚಿನವು ಉಚಿತವಾಗಿ ಸಿಗುತ್ತವೆ. ಮೊದಲಿಂದ ಕೊನೆಯವರೆಗೆ ಓದಲು ಹೋಗಬೇಡಿ. ಸಾರಾಂಶ ಓದಿ, ಚಿತ್ರಗಳನ್ನು ನೋಡಿ, ಆಮೇಲೆ ಅವರು ಕೊಟ್ಟಿರುವ ಅತ್ಯಂತ ಸಣ್ಣ ಉದಾಹರಣೆಗೆ ನೇರ ಹೋಗಿ. ಹೆಚ್ಚಾಗಿ ಅದು ಎರಡು, ಮೂರು, ನಾಲ್ಕು ನೋಡ್‌ಗಳ ನೆಟ್‌ವರ್ಕ್ ಆಗಿರುತ್ತದೆ. ಆ ಒಂದು ಚಿತ್ರವನ್ನು ನಿಮ್ಮ ಪ್ರೋಗ್ರಾಂನಿಂದ ಮತ್ತೆ ತೆಗೆಯಿರಿ. ತೆಗೆದ ಮೇಲೆ ಥಿಯರಿ ಭಾಗ ಓದಿದರೆ ಅರ್ಧ ಮೊದಲೇ ಗೊತ್ತಿರುತ್ತದೆ. ಒಟ್ಟಾರೆ ನೋಟ ಬೇಕಿದ್ದರೆ 2012ರ ಸೈಫರ್ಟ್ ಅವರ ವಿಮರ್ಶಾ ಲೇಖನ ಇದೆ. ಉದ್ದ ಇದೆ, ವರ್ಷವಿಡೀ ಪಕ್ಕದಲ್ಲಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಓದುವಂಥದ್ದು.

ಗಣಿತ ಎಷ್ಟು ಬೇಕು? ಐಗನ್‌ವೆಕ್ಟರ್, ಪಾಯ್ಸಾನ್ ಡಿಸ್ಟ್ರಿಬ್ಯೂಷನ್, ಸಾದಾ ಡಿಫರೆನ್ಷಿಯಲ್ ಈಕ್ವೇಷನ್. ಬಿಎಸ್ಸಿಯದ್ದೇ. ಬಾಕಿದ್ದು ಬೇಕಾದಾಗ ಕಲಿಯಬಹುದು, ಅಲ್ವಾ?

ಒಬ್ಬರೇ ಕಲಿಯುವುದು ಕಷ್ಟ, ನಾಲ್ಕು ಜನ ಸೇರಿ. ಬೆಂಗಳೂರಿನ ಶಿವಕೋಟೆಯಲ್ಲಿರುವ ಥಿಯರಿ ವಿಜ್ಞಾನದ ಸಂಶೋಧನಾ ಕೇಂದ್ರ ಐಸಿಟಿಎಸ್ ತನ್ನ ಉಪನ್ಯಾಸಗಳನ್ನು ಯೂಟ್ಯೂಬ್‌ಗೆ ಹಾಕುತ್ತದೆ. ಬ್ಯಾಂಗಲೋರ್ ಸ್ಕೂಲ್ ಆನ್ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ನ ಪಾಠಗಳೂ ಅಲ್ಲಿವೆ. ವಾರಕ್ಕೊಂದು ಉಪನ್ಯಾಸ ಒಟ್ಟಿಗೆ ನೋಡಿ, ನಿಲ್ಲಿಸಿ ನಿಲ್ಲಿಸಿ ಬೋರ್ಡಿನಲ್ಲಿ ಬಿಡಿಸಿ.

ಕೊನೆಗೆ ಪ್ರೊಫೆಸರರಿಗೆ ಮೇಲ್ ಬರೆಯುವುದು. ಸರ್ ಅಥವಾ ಮೇಡಂ, ನಿಮ್ಮ ಸಂಶೋಧನೆ ನನಗೆ ತುಂಬ ಇಷ್ಟ ಅಂತ ಅರ್ಧ ಪುಟ ಬರೆಯಬೇಡಿ, ಅಂಥದ್ದು ಅವರಿಗೆ ಬೇಕಾದಷ್ಟು ಬರುತ್ತದೆ. ನಾಲ್ಕೈದು ಸಾಲು ಸಾಕು. ಯಾವ ಪೇಪರ್ ಓದಿದಿರಿ, ಅದರ ಯಾವ ಚಿತ್ರವನ್ನು ನೀವೇ ಮತ್ತೆ ತೆಗೆದಿರಿ, ಎಲ್ಲಿ ನಿಮ್ಮ ಉತ್ತರ ಅವರದಕ್ಕೆ ಹೊಂದಲಿಲ್ಲ ಅಥವಾ ಯಾವ ಹೆಜ್ಜೆ ಅರ್ಥವಾಗಲಿಲ್ಲ. ನಿಮ್ಮ ಗ್ರಾಫ್ ಒಂದನ್ನು ಜೊತೆಗಿಡಿ. ಬೇಸಿಗೆ ಪ್ರಾಜೆಕ್ಟ್ ಬೇಕಿದ್ದರೆ ಬೇಸಿಗೆಗೆ ತುಂಬ ಮುಂಚೆಯೇ ಬರೆಯಿರಿ. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಕೇಳಿ, ಅಷ್ಟರಲ್ಲಿ ಮುಂದಿನ ದರ 10 ಇಟ್ಟು ಮಾಡಿದ ಲೆಕ್ಕವೂ ಮುಗಿದಿರುತ್ತದೆ, ಅದನ್ನೂ ಸೇರಿಸಿ ಕಳಿಸಿ.